ಕುಲದಿಂದ ಬಾರದ ಕಾಯಕ: ಅನಂತ ಪೈಯವರ ಬಾಳು

ತನ್ನ ಬಾಳಿನ ಕೆಲಸ ಇದೇ ಎಂದು ಮನುಷ್ಯನಿಗೆ ಗೊತ್ತಾಗುವ ಬಗೆ ಒಬ್ಬೊಬ್ಬರಲ್ಲಿ ಒಂದೊಂದು ತೆರ. ಕೆಲವರಿಗೆ ಅದು ತಂದೆಯ ಕೈಯಿಂದ ಬರುತ್ತದೆ, ಕೆಲವರಿಗೆ ಗುರುವಿನ ಬಾಯಿಂದ. ಬಹಳ ಜನಕ್ಕೆ ಅದು ಬರುವುದೇ ಇಲ್ಲ. ಗೋಕಾಕ, ಹುಕ್ಕೇರಿ ಮತ್ತು ಈಗ ಬೇರೆ ತಾಲೂಕಾಗಿರುವ ಮೂಡಲಗಿ, ಈ ಮೂರೂ ಊರುಗಳ ಸಾಲೆಗಳಲ್ಲಿ ಮಾಸ್ತರಿಕೆ ಮಾಡಿದ ನನಗೆ ಈ ಮಾತು ಪುಸ್ತಕದಿಂದ ತಿಳಿದುದಲ್ಲ. ಮುಂದೆ ಏನಾಗುವೆ ಎಂದು ಹುಡುಗನನ್ನು ಕೇಳಿದರೆ ಅವನು ಮೊದಲು ಮನೆಯ ಕಸುಬನ್ನೇ ಹೇಳುತ್ತಿದ್ದ. ಒಬ್ಬನಿಗೆ ಕಬ್ಬಿನ ಹೊಲ, ಇನ್ನೊಬ್ಬನಿಗೆ ಫಾಲ್ಸಿನ ನೂಲಿನ ಗಿರಣಿ, ಮತ್ತೊಬ್ಬನಿಗೆ ಗೋಕಾಕದ ಕಟ್ಟಿಗೆಯ ಗೊಂಬೆ. ಅದೇ ಹುಡುಗ ಪಾಟೀಚೀಲದಲ್ಲಿ ಅಡಗಿಸಿಟ್ಟ ಬಣ್ಣದ ಚಿತ್ರಕಥೆಯನ್ನು ಓದುತ್ತಿದ್ದಾಗ ಕೇಳಿದರೆ ಉತ್ತರ ಬೇರೆಯಾಗುತ್ತಿತ್ತು. ಆಗ ಅವನು ಅರ್ಜುನನಾಗುವವನು, ಇಲ್ಲವೆ ಮುಖವಾಡ ತೊಟ್ಟು ಕಾಡನ್ನು ಕಾಯುವ ಫ್ಯಾಂಟಮ್ ಆಗುವವನು.

ಈ ಎರಡು ಉತ್ತರಗಳ ನಡುವಣ ದೂರವನ್ನು ಅಳೆಯಬೇಕೆಂದಾಗಲೆಲ್ಲ ನನಗೆ ನೆನಪಾಗುವವರು ಅನಂತ ಪೈಯವರು. ಭಾರತದ ಮಕ್ಕಳ ಕೈಗೆ ಚಿತ್ರಕಥೆಯನ್ನು ಕೊಟ್ಟವರೆಂದು ಅವರನ್ನು ಎಲ್ಲರೂ ಬಲ್ಲರು. ಅವರು ತೀರಿಕೊಂಡು ದಶಕವನ್ನು ಮೀರಿದ ಕಾಲ ಸಂದಿದೆ. ಆದರೆ ಅವರು ತಮ್ಮ ಕೆಲಸವನ್ನು ಕಂಡುಕೊಂಡ ಬಗೆಯನ್ನು ಅವರ ಪುಸ್ತಕಗಳಷ್ಟು ಜನ ಅರಿತಿಲ್ಲ.

ಪೈಯವರು ಕನ್ನಡ ನಾಡಿನವರು, ಕೊಂಕಣಿ ಮನೆಮಾತಿನವರು. ೧೯೨೯ರ ಸಪ್ಟೆಂಬರ್ ೧೭ರಂದು ಕಾರ್ಕಳದಲ್ಲಿ ವೆಂಕಟರಾಯ ಮತ್ತು ಸುಶೀಲಾ ಪೈ ಅವರ ಮಗನಾಗಿ ಹುಟ್ಟಿದರು. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿ, ಮಾಹೀಮದ ಓರಿಯೆಂಟ್ ಶಾಲೆಯಲ್ಲಿ ಓದಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನೂ ರಾಸಾಯನಿಕ ತಂತ್ರವಿದ್ಯೆಯನ್ನೂ ಕಲಿತರು. ಆ ಕಾಲಕ್ಕೆ ಅದು ಕಾರಖಾನೆಗಳ ಬಾಗಿಲನ್ನು ತಾನಾಗಿ ತೆರೆಸುವ ವಿದ್ಯೆ. ಆದರೆ ಅವರ ಮನಸ್ಸು ಪ್ರಯೋಗಶಾಲೆಯಲ್ಲಿ ನಿಲ್ಲಲಿಲ್ಲ, ಅಚ್ಚಿನ ಮನೆಯ ಕಡೆಗೆ ಎಳೆಯಿತು. ೧೯೫೪ರಲ್ಲಿ ಮಕ್ಕಳಿಗಾಗಿ 'ಮಾನವ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದು ನಡೆಯಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ, ಬೆನ್ನ ಹಿಂದೆ ಹಿರಿಯರ ಆಸರೆಯಿಲ್ಲದವನು, ಕಲಿತ ವಿದ್ಯೆಯನ್ನು ಬದಿಗಿಟ್ಟು ಕೈಹಾಕಿದ ಕೆಲಸದಲ್ಲಿ ಸೋತರೆ ಅದು ಸಣ್ಣ ಸೋಲಲ್ಲ. ಬಳಿಕ ಅವರು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದರು.

ಅಲ್ಲಿಯೇ ಅವರಿಗೆ ಪರದೇಶದ ಮಹಾವೀರರ ಸಹವಾಸವಾಯಿತು. ಈ ವೀರರ ಸಂಗತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಮೆರಿಕೆಯಲ್ಲಿ ಲೀ ಫಾಕ್ ಎಂಬವರು ೧೯೩೬ರಲ್ಲಿ ಫ್ಯಾಂಟಮ್‌ನನ್ನು ಸೃಷ್ಟಿಸಿದರು. ೧೯೩೮ರಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣ ಗೆಳೆಯರ ಸೂಪರ್‌ಮ್ಯಾನ್ ಅಚ್ಚಾಗಿ ಹೊರಬಂದನು. ಇವರಿಬ್ಬರೂ ಲೋಕದ ಕೋಟ್ಯಂತರ ಮಕ್ಕಳ ಕನಸನ್ನು ಆಳಿದವರು. ಆದರೆ ಗಮನಿಸಿ ನೋಡಿದರೆ ಇಬ್ಬರಿಗೂ ತಮ್ಮ ಕೆಲಸವನ್ನು ಹುಡುಕುವ ಕಷ್ಟವೇ ಬರಲಿಲ್ಲ. ಸೂಪರ್‌ಮ್ಯಾನನ ಬಲ ಹುಟ್ಟಿನಿಂದ ಬಂದುದು; ಬೇರೊಂದು ಗ್ರಹದ ಕುಲದವನಾದುದರಿಂದ ಅವನು ಹಾರುತ್ತಾನೆ. ಫ್ಯಾಂಟಮ್‌ನದಂತೂ ಪಕ್ಕಾ ವಂಶಪಾರಂಪರ್ಯದ ವೃತ್ತಿ. ಮೊದಲನೆಯವನು ಮಾಡಿದ ಆಣೆಯನ್ನು ಇಪ್ಪತ್ತೊಂದನೆಯವನು ನಡೆಸುತ್ತಾನೆ. ಎಷ್ಟೇ ಹೊಸ ಉಡುಗೆ ತೊಟ್ಟರೂ ಅವರದು ಹಳೆಯ ಕುಲಕಸುಬೇ ಸರಿ.

೧೯೬೪ರ ಮಾರ್ಚಿಯಲ್ಲಿ ಟೈಮ್ಸ್ ಸಂಸ್ಥೆಯಿಂದ ಇಂದ್ರಜಾಲ ಕಾಮಿಕ್ಸ್ ಆರಂಭವಾಯಿತು. ಫ್ಯಾಂಟಮ್‌ನೇ ಅದರ ಮೊದಲ ನಾಯಕ. ಇಂಗ್ಲಿಷಿನಲ್ಲಿ ಹುಟ್ಟಿದ ಆ ಮಾಲೆ ಕ್ರಮೇಣ ದೇಶಭಾಷೆಗಳಿಗೂ ಬಂದಿತು, ಕನ್ನಡಕ್ಕೂ ಬಂದಿತು. ಆ ವಿಭಾಗದ ಕೆಲಸದಲ್ಲಿದ್ದ ಪೈಯವರು ಒಂದು ಸತ್ಯವನ್ನು ಕಣ್ಣಾರೆ ಕಂಡರು. ಉದ್ದದ ಪಾಠಕ್ಕೆ ಬೆನ್ನು ತಿರುಗಿಸುವ ಮಗು, ಚೌಕಟ್ಟಿನೊಳಗಿನ ಚಿತ್ರಕ್ಕೂ ಅದರ ಮೇಲಿನ ನಾಲ್ಕು ಮಾತಿಗೂ ಊಟವನ್ನೇ ಮರೆಯುತ್ತದೆ. ಸಾಧನದ ಬಲ ಅವರಿಗೆ ತಿಳಿಯಿತು. ಅದರಿಂದ ಏನು ಮಾಡಬೇಕೆಂಬುದು ಇನ್ನೂ ತಿಳಿದಿರಲಿಲ್ಲ.

ಅದು ತಿಳಿದದ್ದು ೧೯೬೭ರ ಫೆಬ್ರುವರಿಯಲ್ಲಿ, ದಿಲ್ಲಿಯಲ್ಲಿ. ಆಗ ನಮ್ಮ ದೇಶದಲ್ಲಿ ದೂರದರ್ಶನವೆಂಬುದು ಆ ಒಂದು ನಗರದ ಸೋಜಿಗವಾಗಿತ್ತು. ಅಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆಯ ಕಾರ್ಯಕ್ರಮವೊಂದನ್ನು ಪೈಯವರು ನೋಡಿದರು. ಗ್ರೀಕ್ ಪುರಾಣದ ದೇವತೆಗಳ ಬಗೆಗೆ ಕೇಳಿದಾಗ ಉತ್ತರ ಬಂದಿತು. ರಾಮನ ತಾಯಿಯ ಹೆಸರೇನೆಂದು ಕೇಳಿದಾಗ ಬರಲಿಲ್ಲ. ನೋಡಿದವರು ಎಷ್ಟೋ ಮಂದಿ ಇದ್ದಿರಬೇಕು. ಕೆಲವರು ನಕ್ಕಿರಬೇಕು, ಕೆಲವರು ಕಾಲವನ್ನು ಹಳಿದಿರಬೇಕು. ಪೈಯವರು ಮಾತ್ರ ಆ ಮೌನವನ್ನು ತಮಗೆ ಬಂದ ಕರೆಯೆಂದು ತಿಳಿದರು. ಕೈಯಲ್ಲಿದ್ದ ಸಾಧನಕ್ಕೂ ಕಣ್ಣೆದುರಿನ ಕೊರತೆಗೂ ಆ ಗಳಿಗೆಯಲ್ಲಿ ನಂಟು ಬೆಳೆಯಿತು. ಅದೇ ವರ್ಷ ಅವರು ಭದ್ರವಾದ ನೌಕರಿಯನ್ನು ಬಿಟ್ಟರು.

ಅನೇಕ ಪ್ರಕಾಶಕರು ಅವರ ಯೋಜನೆಯನ್ನು ಒಪ್ಪಲಿಲ್ಲ. ಕೊನೆಗೆ ಇಂಡಿಯಾ ಬುಕ್ ಹೌಸ್ ಕೈಹಿಡಿಯಿತು. ಅಮರ ಚಿತ್ರ ಕಥಾ ಎಂಬ ಹೆಸರಿನ ಆ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಸಿಂಡರೆಲ್ಲಾ ಮೊದಲಾದ ಪಶ್ಚಿಮದ ಕಥೆಗಳಿಗೆ ಸಂದವು. ಅದೇ ಸಂಸ್ಥೆಯಲ್ಲಿದ್ದ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಆ ಪುಸ್ತಕಗಳು ೧೯೬೫ರಲ್ಲಿ ಮೊದಲು ಕನ್ನಡದಲ್ಲಿಯೇ ಬಂದವೆಂದು ಈ ಮಾಲೆಯ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. ಕನ್ನಡಿಗರು ಮರೆಯಬಾರದ ಸಂಗತಿ ಇದು. ಹನ್ನೊಂದನೆಯ ಸಂಖ್ಯೆಯೇ 'ಕೃಷ್ಣ'. ಬರಹ ಪೈಯವರದು, ಚಿತ್ರ ರಾಮ್ ವಾಯಿರ್‌ಕರ್ ಅವರದು. ಪೈಯವರು ಎಣಿಸಿದ ಮಾಲೆ ನಿಜವಾಗಿ ಅಲ್ಲಿಂದ ತೊಡಗಿತು.

ಕೃಷ್ಣನೇ ಮೊದಲಿಗನಾದುದು ನಮ್ಮ ಸೀಮೆಯವರಿಗೆ ವಿಶೇಷವಾಗಿ ತೋರಬೇಕು. ಮೂಡಲಗಿಯ ಬಳಿಯ ಕುಲಗೋಡ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಆ ಆಟದಿಂದ ನಾಡಿಗೆಲ್ಲ ಹೆಸರಾದ ನಿಂಗಮ್ಮನ ಕೌಜಲಗಿಯೂ ಅಲ್ಲಿಯೇ ಇದೆ. ಅಲ್ಲಿಯ ಮಗುವಿಗೆ ಕೃಷ್ಣನನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಜ್ಜಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿ, ಸತ್ಯಭಾಮೆಯ ಮುನಿಸನ್ನೂ ಕೃಷ್ಣನ ಉಪಾಯಗಳನ್ನೂ ಕಂಡು ಬೆಳಗು ಮಾಡಿದ ಮಗು ಅದು. ಮುಂಬಯಿ ದಿಲ್ಲಿಗಳ ಮಗುವಿಗೆ ಆ ರಾತ್ರಿ ಇಲ್ಲವಾಗಿತ್ತು, ಆ ಅಜ್ಜಿಯೂ ದೂರವಾಗಿದ್ದಳು. ಮೂವತ್ತೆರಡು ಪುಟಗಳ ಆ ಪುಸ್ತಕ ಕಳೆದುಹೋದ ರಾತ್ರಿಗೆ ಬದಲಾಗಿ ಬಂದಿತು. ಬದಲಿ ಎಂದೂ ಮೂಲದಷ್ಟು ತುಂಬಿಕೊಂಡಿರುವುದಿಲ್ಲ. ಆದರೂ ಹಸಿದವನಿಗೆ ಅದು ಊಟವೇ.

ಮೊದಲ ವರ್ಷಗಳಲ್ಲಿ ಮಾರಾಟ ನಿಧಾನವಾಗಿತ್ತು. ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆಂದು ತಂದೆತಾಯಿಗಳೂ ಶಿಕ್ಷಕರೂ ಹೆದರುತ್ತಿದ್ದ ಕಾಲ. ಪೈಯವರು ಎದೆಗುಂದಲಿಲ್ಲ. ೧೯೬೯ರಲ್ಲಿ ಪತ್ರಿಕೆಗಳಿಗೆ ಚಿತ್ರಮಾಲೆಗಳನ್ನು ಒದಗಿಸುವ ರಂಗ ರೇಖಾ ಫೀಚರ್ಸ್ ಸಂಸ್ಥೆಯನ್ನು ಕಟ್ಟಿದರು. ೧೯೮೦ರಲ್ಲಿ 'ಟಿಂಕಲ್' ಮಕ್ಕಳ ಪತ್ರಿಕೆಯನ್ನು ತೊಡಗಿದರು. 'ಮಾನವ್' ಸೋತ ಇಪ್ಪತ್ತಾರು ವರ್ಷಗಳ ಮೇಲೆ ಅದೇ ಕನಸು ಬೇರೊಂದು ರೂಪದಲ್ಲಿ ಕೈಗೂಡಿತು. ಮಕ್ಕಳಿಲ್ಲದ ಆ ದಂಪತಿಗಳ ಮನೆಯೊಡೆಯ ದೇಶದ ಮಕ್ಕಳಿಗೆಲ್ಲ ಅಂಕಲ್ ಪೈ ಆದರು. ಅಮರ ಚಿತ್ರ ಕಥೆಯ ಶೀರ್ಷಿಕೆಗಳು ನಾಲ್ಕು ನೂರನ್ನು ಮೀರಿದವು. ಸುಮಾರು ಇಪ್ಪತ್ತು ಭಾಷೆಗಳಲ್ಲಿ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು.

ಇಷ್ಟು ಹೇಳಿ ಮುಗಿಸಿದರೆ ಅದು ಬರಿಯ ಹೊಗಳಿಕೆಯಾದೀತು. ಆ ಮಾಲೆಯ ಮೇಲೆ ವಿದ್ವಾಂಸರು ಹೊರಿಸಿದ ಆಕ್ಷೇಪಗಳು ಹಗುರವಾದವಲ್ಲ. ಅದರ ತುಂಬ ದೇವರು, ಅರಸರು, ಸಂತರು. ಒಳ್ಳೆಯವರ ಮೈ ಬೆಳ್ಳಗೆ, ರಕ್ಕಸರ ಮೈ ಕಪ್ಪಗೆ. ಹೆಣ್ಣಿಗೆ ಬಹುಮಟ್ಟಿಗೆ ತ್ಯಾಗವೇ ಗುಣ. ಹುಕ್ಕೇರಿಯ ಸಾಲೆಯಲ್ಲಿ ಒಬ್ಬ ಹುಡುಗಿ ಇಂಥ ಪುಸ್ತಕಗಳ ಕಟ್ಟನ್ನು ಇಡೀ ತಿರುವಿ ಹಾಕಿ, ಇದರಲ್ಲಿ ನಮ್ಮವ್ವನ ಹಾಗೆ ಕಳೆ ತೆಗೆಯುವವರು ಯಾರೂ ಏಕಿಲ್ಲವೆಂದು ನನ್ನನ್ನು ಕೇಳಿದಳು. ಪಾಠದ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಪೈಯವರ ಬಳಗ ೧೯೭೯ರಲ್ಲಿಯೇ ಬಾಬಾಸಾಹೇಬ ಅಂಬೇಡ್ಕರರ ಕಥೆಯನ್ನು ಹೊರತಂದಿತ್ತು, ಬಸವೇಶ್ವರರ ಕಥೆಯನ್ನೂ ತಂದಿತ್ತು. ಆದರೂ ಆ ಹುಡುಗಿಯ ಅವ್ವನಿಗೆ ಒಂದು ಚೌಕಟ್ಟು ಸಿಕ್ಕಿರಲಿಲ್ಲವೆಂಬುದು ನಿಜ.

ಆದರೆ ಆ ಹುಡುಗಿ ಕೇಳಿದ ಪ್ರಶ್ನೆ ಯಾವ ಜಾತಿಯದೆಂದು ಯೋಚಿಸಿದರೆ ಪೈಯವರ ಬಾಳು ನಮಗೆ ಇನ್ನಷ್ಟು ಹತ್ತಿರವಾಗುತ್ತದೆ. ೧೯೬೭ರಲ್ಲಿ ಅವರು ತಮ್ಮೊಳಗೆ ಕೇಳಿಕೊಂಡದ್ದೂ ಅದನ್ನೇ: ನಮ್ಮವರು ಇದರಲ್ಲಿ ಏಕಿಲ್ಲ? ಆ ವರ್ಷದ ಗ್ಯಾದರಿಂಗಿಗೆ ನಮ್ಮ ಹುಡುಗರು, ಮನೆಯ ಹಿರಿಯರಿಂದ ಕೇಳಿದ ಲಾವಣಿಯನ್ನು ಹಿಡಿದು ಸಂಗೊಳ್ಳಿ ರಾಯಣ್ಣನ ಕಥೆಯನ್ನು ಡ್ರಾಯಿಂಗ್ ಹಾಳೆಗಳ ಮೇಲೆ ಚೌಕಟ್ಟು ಹಾಕಿ ಬರೆದರು. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಸುತ್ತ ಕಂಬಳಿ ಹೊದ್ದ ಜನ, ಬುತ್ತಿ ಹೊತ್ತ ಹೆಂಗಸರು ನಿಂತಿದ್ದರು. ಬುತ್ತಿ ಹೊತ್ತವರನ್ನು ಬರೆದವಳು ಆ ಹುಡುಗಿಯೇ.

ಚಿತ್ರಕಥೆಯ ವೀರ ಮಗುವಿಗೆ ದಾರಿಯನ್ನು ತೋರಿಸುತ್ತಾನೆಂದು ಹೇಳುವುದು ಸುಲಭ. ಪೈಯವರ ಬಾಳನ್ನು ನೋಡಿದರೆ ಆ ಮಾತನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಫ್ಯಾಂಟಮ್‌ನ ಪುಸ್ತಕಗಳ ನಡುವೆ ಕುಳಿತ ಅವರು ಫ್ಯಾಂಟಮ್ ಆಗಲು ಹೊರಡಲಿಲ್ಲ. ಅವನು ತುಂಬದೆ ಬಿಟ್ಟ ಜಾಗ ಯಾವುದೆಂದು ಕಂಡು, ಅಲ್ಲಿ ನಿಂತರು. ವೀರನಿಗೆ ಕೆಲಸ ಕುಲದಿಂದ ಬಂದಿತು; ತಂದೆಯ ಮುಖವನ್ನೇ ಅರಿಯದ ಪೈಯವರಿಗೆ ಅದು ಲೋಕದ ಒಂದು ಕೊರತೆಯಿಂದ ಬಂದಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಜಾತಿಯಿಂದ ಬಿಡಿಸಿ ಮನುಷ್ಯನ ಕೈಗೆ ಕೊಟ್ಟ ನಾಡು ನಮ್ಮದು. ಈ ಮಾತು ನಮಗೆ ಹೊಸದಾಗಬಾರದು.

೨೦೧೧ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್ ಮೇಳ ಪೈಯವರಿಗೆ ಜೀವಮಾನದ ಸಾಧನೆಯ ಗೌರವವನ್ನು ಸಲ್ಲಿಸಿತು. ಕೆಲವೇ ದಿನಗಳಲ್ಲಿ, ೨೪ರಂದು, ಎಂಬತ್ತೊಂದು ವರ್ಷದ ಅವರು ಮುಂಬಯಿಯಲ್ಲಿ ತೀರಿಕೊಂಡರು. ಕರೆ ಕೇಳಿದ ನಗರದಲ್ಲಿಯೇ ಕೊನೆಯ ಮನ್ನಣೆಯೂ ಸಂದಿತು. ಅವರ ಮಾಲೆಯಲ್ಲಿ ಸೇರದೆ ಉಳಿದವರ ಕಥೆಗಳು ಇನ್ನೂ ಬಹಳ ಇವೆ. ಅವನ್ನು ಬರೆಯುವ ಕೆಲಸವೂ ಯಾರ ಕುಲಕಸುಬೂ ಅಲ್ಲ.