ಸೊಲ್ಲಾಪುರದ ಡಾಕ್ಟರ್, ಚೀನಾದ ಸೂಜಿ

ಸೊಲ್ಲಾಪುರ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎರಡು: ಸೊನ್ನಲಿಗೆಯ ಸಿದ್ಧರಾಮೇಶ್ವರರು ಮತ್ತು ಹೊದೆಯುವ ಚಾದರ. ನಾನು ಮೂರನೆಯದೊಂದನ್ನು ಸೇರಿಸುತ್ತೇನೆ, ಡಾ. ದ್ವಾರಕಾನಾಥ ಕೋಟ್ನಿಸ್. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುವ ಆ ಊರಿನಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದ ಹುಡುಗ ಮುಂದೆ ಚೀನಾದ ಮಣ್ಣಿನಲ್ಲಿ ಮಣ್ಣಾದ.

ನಾನು ಸಿರುಗುಪ್ಪ ತಾಲೂಕಿನ ಕರೂರಿನವಳು, ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಕೋಟ್ನಿಸರ ಕಥೆ ನನಗೆ ಸಿಕ್ಕಿದ್ದು ಸೂಜಿಯ ಬೆನ್ನು ಹತ್ತಿ. ವರ್ಷಗಟ್ಟಲೆ ಕೆಸರಿನಲ್ಲಿ ಬಗ್ಗಿ ನೆಲ್ಲು ನಾಟಿ ಮಾಡಿದ ನಮ್ಮಜ್ಜಿಗೆ ಮೊಣಕಾಲು ನೋವು. ಸೂಜಿ ಚುಚ್ಚಿ ನೋವು ತೆಗೆಯುತ್ತಾರಂತೆ, ಹೋಗಿ ಬರಲೇ ಎಂದು ನನ್ನನ್ನು ಕೇಳಿದರು. ನರ್ಸ್ ಆಗುವವಳಿಗೆ ಉತ್ತರ ಗೊತ್ತಿರಬೇಕೆಂಬುದು ಅಜ್ಜಿಯ ನಂಬಿಕೆ. ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಹೇಗೆ ಬಂತೆಂದು ಓದುತ್ತಾ ಹೋದಾಗ ಈ ಸೊಲ್ಲಾಪುರದ ಡಾಕ್ಟರ್ ಎದುರಾದರು.

ಕೋಟ್ನಿಸ್ ಮುಂಬೈನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದರು. 1937ರಲ್ಲಿ ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಯಿತು. ಗಾಯಾಳುಗಳನ್ನು ನೋಡಲು ವೈದ್ಯರಿಲ್ಲ, ಕಳುಹಿಸಿಕೊಡಿ ಎಂದು ಚೀನಾದ ಸೇನಾಪತಿ ಝು ದೆ ಅವರು ನೆಹರೂಗೆ ಬರೆದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರಲ್ಲಿ ಮನವಿ ಮಾಡಿದರು. ಹಣ ಕೂಡಿತು, ಐವರು ವೈದ್ಯರೂ ಮುಂದೆ ಬಂದರು: ಅಟಲ್, ಚೋಲ್ಕರ್, ಬಸು, ಮುಖರ್ಜಿ ಮತ್ತು ನಮ್ಮ ಕೋಟ್ನಿಸ್. ನಾವೇ ಪರರ ಆಳ್ವಿಕೆಯಲ್ಲಿದ್ದ ಕಾಲವದು. 1938ರ ಸೆಪ್ಟೆಂಬರ್‌ನಲ್ಲಿ ಅವರು ಹಡಗು ಹತ್ತಿದಾಗ ಕೋಟ್ನಿಸರಿಗೆ ಇನ್ನೂ 28 ತುಂಬಿರಲಿಲ್ಲ.

ಚೀನಾ ಮುಟ್ಟಿದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಮರಳಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಮರಳಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯಾನಾನ್ ತಲುಪಿತು. ಮುಂದೆ ಕೋಟ್ನಿಸ್ ಉತ್ತರ ಚೀನಾದ ಬೆಟ್ಟಗಳಲ್ಲಿದ್ದ ಎಂಟನೇ ಮಾರ್ಗ ಸೇನೆಯ ಜೊತೆ ಕೆಲಸಕ್ಕೆ ನಿಂತರು. ಔಷಧಿಗೆ ಬರ, ಹಳ್ಳಿಯ ಮನೆಗಳೇ ಆಪರೇಷನ್ ಕೋಣೆ. 1940ರ ಒಂದು ಕಾಳಗದಲ್ಲಿ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಇಂದಿಗೂ ಅಲ್ಲಿ ನೆನೆಯುತ್ತಾರೆ.

ಅದೇ ಸೇನೆಯಲ್ಲಿದ್ದ ಕೆನಡಾದ ವೈದ್ಯ ನಾರ್ಮನ್ ಬೆಥೂನ್ 1939ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಆಪರೇಷನ್ ಮಾಡುವಾಗ ಬೆರಳಿಗಾದ ಗಾಯ ನಂಜೇರಿತ್ತು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಅಷ್ಟರಲ್ಲಿ ಚೀನಿ ಭಾಷೆ ಕಲಿತು, ಅದರಲ್ಲೇ ಪಾಠ ಮಾಡುತ್ತಿದ್ದರು. ಜನ ಅವರಿಗೆ ಕೆ ದಿಹುವಾ ಎಂಬ ಹೆಸರಿಟ್ಟರು. ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಕೆಲಸದ ಭಾರಕ್ಕೆ ಸೊರಗಿದ್ದ ಕೋಟ್ನಿಸ್ ಡಿಸೆಂಬರ್ 9ರಂದು ಮೂರ್ಛೆರೋಗದ ಸೆಳವಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು 32. ಐವರಲ್ಲಿ ಮನೆಗೆ ಮರಳದೆ ಉಳಿದವರು ಅವರೊಬ್ಬರೇ. ಅವರ ಬದುಕನ್ನು ವಿ. ಶಾಂತಾರಾಮ್ 1946ರಲ್ಲಿ ಹಿಂದಿ ಸಿನಿಮಾ ಮಾಡಿದರು.

ಇಷ್ಟರಲ್ಲಿ ಸೂಜಿ ಎಲ್ಲಿ ಬಂತು ಎಂದು ನೀವು ಕೇಳಬಹುದು. ಕೋಟ್ನಿಸ್ ಕತ್ತರಿ ಹಿಡಿದ ಸರ್ಜನ್. ಅವರು ತೀರಿಕೊಂಡ ಎರಡು ಮೂರು ವರ್ಷಗಳಲ್ಲಿ ಯಾನಾನ್‌ನ ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಔಷಧ ಪದ್ಧತಿ ಓದಿದ ವೈದ್ಯರೂ ಹಳೆಯ ಸೂಜಿ ವೈದ್ಯರಿಂದ ಪಾಠ ಕಲಿಯತೊಡಗಿದರು. ತಂಡದ ಇನ್ನೊಬ್ಬರಾದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋದರು. ಈ ಸಲ ಹೋದದ್ದು ವಿದ್ಯಾರ್ಥಿಯ ಹಾಗೆ. ಸೂಜಿ ಚಿಕಿತ್ಸೆ ಕಲಿತು ಬಂದು 1959ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದರು. ಗೆಳೆಯನ ಹೆಸರಿನ ಸ್ಮಾರಕ ಸಮಿತಿಯ ಮೂಲಕ ಅದನ್ನು ಬಡವರ ಬಳಿಗೆ ಒಯ್ದರು. ಲೂಧಿಯಾನದಲ್ಲಿ ಇಂದಿಗೂ ಕೋಟ್ನಿಸರ ಹೆಸರಿನಲ್ಲೇ ಅಕ್ಯುಪಂಕ್ಚರ್ ಆಸ್ಪತ್ರೆಯಿದೆ. ಕೊಡಲೆಂದು ಹೋದವರು ಕಲಿತು ಬಂದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸೂಜಿ ಮಾಡುವುದೇನು? ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಗೊತ್ತಾದ ಜಾಗಗಳಲ್ಲಿ ಚುಚ್ಚಿ ಇಪ್ಪತ್ತು, ಮೂವತ್ತು ನಿಮಿಷ ಬಿಡುತ್ತಾರೆ. ಅಲ್ಲಿ ಭಾರವಾದಂತೆ, ಜೋಮು ಹಿಡಿದಂತೆ ಅನಿಸುತ್ತದೆ. ಚರ್ಮ, ಸ್ನಾಯುಗಳ ನರಗಳು ಈ ಸುದ್ದಿಯನ್ನು ಬೆನ್ನುಹುರಿಗೆ, ಮೆದುಳಿಗೆ ಮುಟ್ಟಿಸುತ್ತವೆ. ಮೆದುಳು ಎಂಡಾರ್ಫಿನ್ ಎಂಬ ತನ್ನದೇ ನೋವು ನಿವಾರಕವನ್ನು ಬಿಡುತ್ತದೆ. ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟರೆ ಸೂಜಿಯ ನೋವು ನಿವಾರಣೆಯೂ ತಗ್ಗುತ್ತದೆಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಇದರ ಜೋಡಿ ವಿದ್ಯೆ ಮಾಕ್ಸಾ. ನಮ್ಮ ಮಾಚಿಪತ್ರೆ, ದವನಗಳ ಕುಲದ ಗಿಡದ ಒಣ ಎಲೆಯನ್ನು ಅರಳೆಯಂತೆ ಮಾಡಿ ಚರ್ಮದ ಹತ್ತಿರ ಉರಿಸುತ್ತಾರೆ. ಕಾವಿಗೆ ಅಲ್ಲಿನ ರಕ್ತನಾಳಗಳು ಹಿಗ್ಗಿ ರಕ್ತದ ಓಡಾಟ ಹೆಚ್ಚುತ್ತದೆ. ಕಾಮಾಲೆಗೆ ಚುಟಿಗೆ ಹಾಕಿಸಿಕೊಂಡ ಕಲೆ ನಮ್ಮ ಕಡೆಯ ಎಷ್ಟೋ ಹಿರಿಯರ ಕೈಮೇಲಿದೆ. ಚುಟಿಗೆಯಲ್ಲಿ ಚರ್ಮ ಸುಡುತ್ತದೆ. ಮಾಕ್ಸಾದಲ್ಲಿ ಬೇಕಾದದ್ದು ಕಾವು ಮಾತ್ರ. ಕೈ ತಪ್ಪಿದರೆ ಅದೂ ಸುಡುತ್ತದೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಮೊಣಕಾಲು ನೋವಿನ ದೊಡ್ಡ ಪ್ರಯೋಗಗಳಲ್ಲಿ ನಿಜವಾದ ಸೂಜಿಗೂ ತೋರಿಕೆಯ ಸೂಜಿಗೂ ಕಂಡ ಅಂತರ ಚಿಕ್ಕದು. ಅರ್ಧ ಗುಣ ನಂಬಿಕೆಯದೋ, ಆರೈಕೆಯದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸವೆದ ಮೂಳೆಯನ್ನು ಸೂಜಿ ಬೆಳೆಸುವುದಿಲ್ಲ, ಸಕ್ಕರೆ ಕಾಯಿಲೆಯನ್ನು ಓಡಿಸುವುದಿಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬರಬಹುದು. ಎದೆಯ ಭಾಗದಲ್ಲಿ ಆಳ ತಪ್ಪಿದರೆ ಶ್ವಾಸಕೋಶಕ್ಕೇ ಪೆಟ್ಟು. ಕೇಂದ್ರ ಸರ್ಕಾರ 2019ರಲ್ಲಿ ಈ ಪದ್ಧತಿಗೆ ಮಾನ್ಯತೆ ಕೊಟ್ಟಿದೆ. ಹಾಗೆಂದು ಸೂಜಿ ಹಿಡಿದವರೆಲ್ಲ ಕಲಿತವರಲ್ಲ.

ಅಜ್ಜಿಗೆ ನಾನು ಹೇಳಿದ್ದು ಇಷ್ಟು: ಮೊದಲು ಮೂಳೆ ಡಾಕ್ಟರರಿಗೆ ತೋರಿಸೋಣ. ತೊಡೆಯ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ದಿನಾ ಮಾಡು. ಆಮೇಲೂ ಸೂಜಿ ಬೇಕೆನಿಸಿದರೆ ತರಬೇತಿ ಪಡೆದವರ ಹತ್ತಿರ ಹೋಗೋಣ, ನಮ್ಮ ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಒಡೆಯಲಿ. ಬಿ.ಪಿ. ಮಾತ್ರೆಯನ್ನು ಮಾತ್ರ ಯಾರು ಹೇಳಿದರೂ ಬಿಡಬೇಡ. ಈಗ ಅಜ್ಜಿ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕಾಲು ಚಾಚಿ ಎಣಿಸುತ್ತಾರೆ. ಸೂಜಿಯ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ನಮ್ಮದು ಮಾತ್ರ ವಿಜ್ಞಾನ, ಉಳಿದದ್ದೆಲ್ಲ ಮೂಢನಂಬಿಕೆ ಎನ್ನುವುದು ಸುಲಭ. ಹಳೆಯದೆಲ್ಲ ಸರಿ ಎನ್ನುವುದು ಅದಕ್ಕಿಂತ ಸುಲಭ. ಕಲಿಯುವುದು, ಒರೆಗೆ ಹಚ್ಚುವುದು, ರೋಗಿಯ ಪಕ್ಕ ಇರುವುದು ಕಷ್ಟದ ಕೆಲಸ. ಹೆಬೈ ಪ್ರಾಂತದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಸೊಲ್ಲಾಪುರದ ಆ ಡಾಕ್ಟರ್ ಮಲಗಿದ್ದಾರೆ. ಪರೀಕ್ಷೆಗಾಗಿ ಓದುವ ನನ್ನಂಥವರಿಗೆ ಅವರ 32 ವರ್ಷಗಳ ಬದುಕೂ ಒಂದು ಪಾಠ.