ತೋಟಗಾರ ಕೃಂಬಿಗಲ್

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಲ್ಲಿ ಕೃಂಬಿಗಲ್ ರಸ್ತೆಯೆಂಬುದೊಂದುಂಟು. ನಾಲಗೆಗೆ ತುಸು ತೊಡಕೆನಿಸುವ ಈ ಹೆಸರು ಒಬ್ಬ ಜರ್ಮನ್ ತೋಟಗಾರರದು.

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು 1865ನೆಯ ಇಸವಿಯ ಡಿಸೆಂಬರಿನಲ್ಲಿ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬಲ್ಲಿ ಜನಿಸಿದರು. ಎಳವೆಯಲ್ಲಿಯೇ ತೋಟಗಾರಿಕೆಯನ್ನು ಕಸುಬಾಗಿ ಕಲಿತರು. ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಪ್ರಖ್ಯಾತವಾದ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದರು. 1893ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿದ ಅವರನ್ನು 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ಲಾಲ್‌ಬಾಗಿನ ಆಡಳಿತ ಅವರ ಕೈಗೆ ಬಂದಿತು.

ಉದ್ಯಾನವನ್ನು ಅಂದಗೊಳಿಸಿದ ತೋಟಗಾರರು ಅನೇಕರಿದ್ದಾರೆ. ಕೃಂಬಿಗಲ್ಲರ ದೃಷ್ಟಿಯಾದರೋ ಉದ್ಯಾನದ ಬೇಲಿಯನ್ನು ದಾಟಿ ಬೀದಿಗೆ ಹರಿಯಿತು. ಬೀದಿಯ ಮರದ ಬದುಕು ಕಾಡಿನ ಮರದ ಬದುಕಿನಷ್ಟು ಸುಲಭವಲ್ಲ. ಬೇರಿಗೆ ಎಡೆ ಕಡಿಮೆ. ಮೇಲೆ ತಂತಿ, ಮಗ್ಗುಲಲ್ಲಿ ಮನೆ. ಇಕ್ಕಟ್ಟಾದ ಬೀದಿಯಲ್ಲಿ ಮಳೆಮರವನ್ನು ನೆಟ್ಟರೆ ಅದರ ವಿಶಾಲವಾದ ಕೊಡೆಯೇ ಅದಕ್ಕೆ ಮುಳುವಾಗುತ್ತದೆ. ಕೊಂಬೆಗಳನ್ನು ಒಂದೇ ಕಡೆ ಕಡಿದು ಕಡಿದು ಕೊನೆಗೆ ಮರ ವಾಲುತ್ತದೆ. ಅಗಲವಾದ ಹೆದ್ದಾರಿಯಲ್ಲಾದರೆ ಅದೇ ಮರ ಬಿಸಿಲಿನ ಝಳವನ್ನು ತಡೆದು, ಎಲೆಗಳಿಂದ ನೀರಾವಿಯನ್ನು ಹೊರಬಿಟ್ಟು ಗಾಳಿಯನ್ನು ತಂಪಾಗಿಸುತ್ತದೆ. ಆದುದರಿಂದ ಸಸಿ ನೆಡುವುದಕ್ಕಿಂತ ಯಾವ ಸಸಿಯನ್ನು ಎಲ್ಲಿ ನೆಡಬೇಕೆಂದು ಅರಿಯುವುದೇ ಕಷ್ಟದ ವಿದ್ಯೆ.

ಈ ವಿದ್ಯೆಗೆ ಕೃಂಬಿಗಲ್ಲರು ಹೂವಿನ ಲೆಕ್ಕವನ್ನೂ ಕೂಡಿಸಿದರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲಿಯೂ ನಗರ ಬರಿದಾಗಿರಬಾರದು ಎಂಬುದು ಅವರ ಯೋಜನೆ. ಬೇಸಗೆಯ ಮೊದಲಿಗೆ ಜಕರಂದದ ನೀಲಿ, ಅದರ ಬೆನ್ನಿಗೇ ಗುಲ್‌ಮೊಹರಿನ ಕೆಂಪು, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಬಿಳುಪು – ಹೀಗೆ ಮರಗಳೇ ಊರಿನ ಪಂಚಾಂಗವಾಗಬಲ್ಲವು. ಜಕರಂದ, ಗುಲ್‌ಮೊಹರ್, ಮಳೆಮರ ಇವೆಲ್ಲ ಪರದೇಶದಿಂದ ಬಂದವು. ನಮ್ಮ ಹೊಂಗೆ, ಬೇವುಗಳಿಗೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕಿತ್ತೆಂದು ನನಗೆ ಅನಿಸುವುದುಂಟು; ಹಾಗೆಂದು ಆ ನೆರಳಿನ ಋಣವನ್ನು ಅಲ್ಲಗಳೆಯಲಾರೆ.

1932ರಲ್ಲಿ ಅವರು ನಿವೃತ್ತರಾದಾಗ ಎಚ್. ಸಿ. ಜವರಾಯರು ಆ ಹೊಣೆಯನ್ನು ವಹಿಸಿಕೊಂಡರು. ಕೃಂಬಿಗಲ್ಲರು ಮಾತ್ರ ತಾಯ್ನಾಡಿಗೆ ಮರಳದೆ ಬೆಂಗಳೂರಿನಲ್ಲಿಯೇ ಉಳಿದರು. ಎರಡನೆಯ ಮಹಾಯುದ್ಧ ಬಂದಾಗ, ದಶಕಗಳ ಸೇವೆಯಿದ್ದರೂ, ಜರ್ಮನ್ನರೆಂಬ ಕಾರಣಕ್ಕೆ ಶತ್ರುದೇಶದವರೆನಿಸಿ ಬಂಧನವನ್ನು ಅನುಭವಿಸಬೇಕಾಯಿತು. ತಾವು ನೆರಳಿತ್ತ ನಾಡಿನಲ್ಲಿಯೇ ಸೆರೆಯಾದ ಆ ಮುದುಕರು ಬಿಡುಗಡೆಯಾದ ಬಳಿಕವೂ ಊರನ್ನು ಬಿಟ್ಟು ಹೋಗಲಿಲ್ಲ.

1956ರ ಫೆಬ್ರವರಿಯಲ್ಲಿ, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಅವರು ತೀರಿಕೊಂಡರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ.