ದಿವಾನ್ ಶೇಷಾದ್ರಿ ಅಯ್ಯರ್ ಎಳೆದ ಗೆರೆ

ಸರ್ ಕೆ. ಶೇಷಾದ್ರಿ ಅಯ್ಯರ್ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ನೀರು ಮತ್ತು ಬೆಳಕು. ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟ ಕೆರೆಯ ನೀರು ಕೊಳವೆಗಳಲ್ಲಿ ನಗರಕ್ಕೆ ಹರಿದು ಬಂದದ್ದು ಅವರ ದಿವಾನಗಿರಿಯಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದ್ದೂ ಆಗಲೇ. ಆದರೆ ನಾಡಿನ ಮನೆಗಳ ಒಳಕೋಣೆಯನ್ನು ಮುಟ್ಟಿದ ಇನ್ನೊಂದು ಕಾರ್ಯವನ್ನೂ ಅವರು ಮಾಡಿದರು. ಅದನ್ನು ನೆನೆಯುವವರು ವಿರಳ.

1845ರಲ್ಲಿ ಪಾಲಕ್ಕಾಡು ಸೀಮೆಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ರಂಗಾಚಾರ್ಲು ಅವರು ಕಾಲವಾದ ಮೇಲೆ, 1883ರಲ್ಲಿ ದಿವಾನ ಪದವಿಗೇರಿದಾಗ ಅವರಿಗಿನ್ನೂ 40 ತುಂಬಿರಲಿಲ್ಲ. ಮುಂದಿನ 18 ವರ್ಷ ಆ ಪದವಿ ಅವರದಾಗಿಯೇ ಉಳಿಯಿತು.

ಅವರು ಬೆಳೆದ ಬ್ರಾಹ್ಮಣ ಸಮಾಜದಲ್ಲಿ ಮಗಳು ಋತುಮತಿಯಾಗುವ ಮುನ್ನವೇ ಕನ್ಯಾದಾನ ನಡೆಯಬೇಕು. ತಪ್ಪಿದರೆ ತಂದೆಗೆ ದೋಷ. 8 ವರ್ಷದವಳು ಗೌರಿ, 9ರವಳು ರೋಹಿಣಿ, 10ರವಳು ಕನ್ಯೆ, ಅದನ್ನು ಮೀರಿದವಳು ರಜಸ್ವಲೆ ಎಂಬುದು ಸ್ಮೃತಿಯ ಎಣಿಕೆ. ಆ ದಿನ ಎಂದು ಬರುವುದೋ ಎಂಬ ಅಂಜಿಕೆಯಿಂದ ತಾಯ್ತಂದೆಯರು ಮದುವೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆಯುತ್ತಿದ್ದರು.

ಪಾಶ್ಚಾತ್ಯ ಪಂಡಿತರ ತಿಳಿವಳಿಕೆಯೂ ಇದಕ್ಕಿಂತ ಬಹಳ ಮುಂದಿರಲಿಲ್ಲ. ಉಷ್ಣದೇಶದ ಹೆಣ್ಣು 8, 9 ವರ್ಷಕ್ಕೇ ಮೈನೆರೆಯುವಳೆಂದು ಅವರು ನಂಬಿದ್ದರು. ಮ್ಯಾಂಚೆಸ್ಟರಿನ ಹೆರಿಗೆ ಆಸ್ಪತ್ರೆಯ ವೈದ್ಯ ಜಾನ್ ರಾಬರ್ಟನ್ ಎಂಬಾತ ನಂಬಿಕೆಯನ್ನು ಬದಿಗಿಟ್ಟು ಲೆಕ್ಕಕ್ಕೆ ಕೈಹಾಕಿದ. ತನ್ನ ಊರಿನ ಸ್ತ್ರೀಯರನ್ನು ವಿಚಾರಿಸಿದ. ಕಲ್ಕತ್ತೆಯಿಂದಲೂ ವಿವರ ತರಿಸಿದ. ಬಿಸಿಲಿನ ಪ್ರಭಾವವೆಂಬುದು ಬಹುಮಟ್ಟಿಗೆ ಕಟ್ಟುಕಥೆಯೆಂದು 19ನೆಯ ಶತಮಾನದ ನಡುಹೊತ್ತಿಗೆ ಸಾರಿದ. 1891ರಲ್ಲಿ ಬ್ರಿಟಿಷ್ ಇಂಡಿಯಾದ ಸರ್ಕಾರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಹೊರಟಾಗ ಈ ಪ್ರಶ್ನೆಯೇ ದೇಶದ ವಿವಾದವಾಯಿತು. 12ರ ಮೊದಲೇ ಋತುವಾದವಳಿಗೆ ಗರ್ಭಾಧಾನ ತಪ್ಪಿದರೆ ಧರ್ಮ ಕೆಡುವುದೆಂದು ಸಂಪ್ರದಾಯಸ್ಥರು ಕೋಪಿಸಿಕೊಂಡರು.

ಆ ಬಿರುಗಾಳಿ ತಣಿದು 3 ವರ್ಷ ಕಳೆಯುವಷ್ಟರಲ್ಲಿ ಮೈಸೂರು ಮುಂದಡಿಯಿಟ್ಟಿತು. ಬ್ರಿಟಿಷರ ಕಾನೂನು ವಿವಾಹವನ್ನು ಮುಟ್ಟಿರಲಿಲ್ಲ. 1894ರ ಮೈಸೂರು ಶಿಶುವಿವಾಹ ನಿಬಂಧನೆ ವಿವಾಹವನ್ನೇ ತಡೆಯಿತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಿಸುವುದು ಅಪರಾಧವಾಯಿತು. 50 ಮೀರಿದ ಗಂಡಸು 14ರೊಳಗಿನ ಹುಡುಗಿಯ ಕೈಹಿಡಿಯುವುದೂ ಅಪರಾಧವಾಯಿತು.

ಇಂದು ನೋಡಿದರೆ ಈ ಗೆರೆ ತೀರ ಕೆಳಗಿದೆ. 9 ವರ್ಷದ ಹುಡುಗಿಯ ಕೊರಳಿಗೆ 20ರ ತರುಣ ತಾಳಿ ಕಟ್ಟಿದರೆ ಕಾನೂನು ಸುಮ್ಮನಿರುತ್ತಿತ್ತು. ಋತುವಿನ ಭಯವನ್ನು ದಿವಾನರು ಎದುರಿಸಲಿಲ್ಲ. ಅದು ಆರಂಭವಾಗುವ ಹೊಸ್ತಿಲಲ್ಲೇ ನಿಂತರು. ಆದರೂ ಮಗಳ ಮದುವೆಯ ವಯಸ್ಸು ತಂದೆಯೊಬ್ಬನ ವಿಚಾರವಲ್ಲ, ರಾಜ್ಯದ ವಿಚಾರವೂ ಹೌದೆಂದು ದೇಶೀಯ ದೊರೆಯೊಬ್ಬನ ಹೆಸರಿನಲ್ಲಿ ಶಾಸನವಾದದ್ದು ಅಲ್ಪ ಸಂಗತಿಯಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ, 31ರ ಹರೆಯದಲ್ಲಿ, ತೀರಿಕೊಂಡರು. ಮಹಾರಾಣಿಯವರು ರಾಜಪ್ರತಿನಿಧಿಯಾದರು, ನಿಬಂಧನೆ ಉಳಿಯಿತು.

ಶೇಷಾದ್ರಿ ಅಯ್ಯರ್ 1901ರಲ್ಲಿ ನಿಧನರಾದರು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯ ವಿವಾಹದ ವಯಸ್ಸನ್ನು 14ಕ್ಕೆ ನಿಗದಿಗೊಳಿಸಿದ ಶಾರದಾ ಕಾಯಿದೆ ಬರಲು 1929ರವರೆಗೆ ಕಾಯಬೇಕಾಯಿತು. ಈಗ ಕಾನೂನಿನ ಗೆರೆ 18ರಲ್ಲಿದೆ. ನಮ್ಮ ಹುಡುಗಿಯರು ಋತುಮತಿಯರಾಗುವುದು ಸರಾಸರಿ 13ರ ಸುಮಾರಿಗೆ ಎಂದೂ, ಅದನ್ನು ಹೆಚ್ಚಾಗಿ ನಿರ್ಣಯಿಸುವುದು ಬಿಸಿಲಲ್ಲ, ವಂಶಗುಣ, ಆಹಾರ ಮತ್ತು ಆರೋಗ್ಯ ಎಂದೂ ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಆ ದಿನ ಬಂದ ಬಳಿಕವೂ ಹುಡುಗಿ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೋಗುತ್ತಾಳೆ. ಶೇಷಾದ್ರಿಪುರದ ಬೀದಿಗಳಲ್ಲಿ ಬೆಳಗಿನ ಹೊತ್ತು ನಿಂತರೆ ಅಂಥವರನ್ನು ಕಾಣಬಹುದು.